ನಾನು ಕಾಲು ತೊಳೆಸಿಕೊಂಡ ಗುರುವಾರ

ನಮ್ಮೂರ ಚರ್ಚಿನ ಅಂಗಳ ಗುಡಿಸುವ ಕೆಲಸ ನನಗೆ ಅತ್ತೆಯಿಂದ ಬಂತು. ಒಂದು ಶನಿವಾರ ಅತ್ತೆಗೆ ಸೊಂಟ ಹಿಡಿದುಕೊಂಡಿತು. ಕಡ್ಡಿ ಪೊರಕೆಯನ್ನು ನನ್ನ ಕಡೆ ಎಸೆದು "ಹೋಗು" ಅಂದರು. ಹೋದೆ. ಆಮೇಲೆ ಅತ್ತೆ ತೀರಿಕೊಂಡರು, ಗಂಡ ತೀರಿಕೊಂಡ, ಎಷ್ಟೋ ಜನ ಫಾದರುಗಳು ಬಂದು ವರ್ಗವಾಗಿ ಹೋದರು. ಪೊರಕೆ ಮಾತ್ರ ನನ್ನ ಕೈಯಲ್ಲೇ ಉಳಿಯಿತು.

ಹೊಸೂರಿನಿಂದ ಬೇರಿಕೆಗೆ ಹೋಗುವ ಬಸ್ಸಿನಲ್ಲಿ ಬಂದು, ನಡುದಾರಿಯಲ್ಲಿ ಇಳಿದು, ಒಳಗೆ ಎರಡು ಮೈಲಿ ನಡೆದರೆ ನಮ್ಮೂರು. ಚರ್ಚು ಚಿಕ್ಕದು, ಅಂಗಳ ದೊಡ್ಡದು. ಅಂಗಳದ ನಡುವೆ ಒಂದು ಹೊಂಗೆ ಮರ. ದೊಡ್ಡ ಹಬ್ಬದಲ್ಲಿ ಜನ ಒಳಗೆ ಹಿಡಿಸುವುದಿಲ್ಲ, ಪೂಜೆ ಆ ಮರದ ಕೆಳಗೇ ನಡೆಯುತ್ತದೆ. ಹಾಗಾಗಿ ಪ್ರತಿ ಶನಿವಾರ ಗುಡಿಸಬೇಕು, ಹಬ್ಬದ ಹಿಂದಿನ ದಿನ ಸಗಣಿ ಬಗ್ಗಡ ಕಲಸಿ ಅಂಗಳ ಪೂರ್ತಿ ಸಾರಿಸಬೇಕು. ಜನ ನೆಲದ ಮೇಲೆ ಕೂರುತ್ತಾರಲ್ಲ, ದೂಳು ಏಳಬಾರದು. ಸಗಣಿ ನಮ್ಮ ಹಸುವಿನದು, ರಟ್ಟೆ ನನ್ನದು.

ಅಕ್ಷರ ನನಗೆ ಅಷ್ಟಕ್ಕಷ್ಟೆ. ಇದನ್ನು ಬರೆಯುವಾಗಲೂ ಒತ್ತಕ್ಷರವೆಲ್ಲ ಮೊಮ್ಮಗಳು ತಿದ್ದಿಕೊಟ್ಟದ್ದು. ಹಾಡೋಣವೆಂದರೆ ಕಂಠ ಇಲ್ಲ. ಚರ್ಚಿನಲ್ಲಿ ಬೈಬಲ್ ಪಾಠ ಓದುವವರಿಗೆ ಒಂದು ಜಾಗ, ಹಾಡುವವರಿಗೆ ಒಂದು ಜಾಗ, ಗಂಟೆ ಹೊಡೆಯುವವನಿಗೂ ಒಂದು ಜಾಗ. ನನ್ನ ಜಾಗ ಆ ಅಂಗಳ. ಅದು ಹೋದರೆ ನಾನು ಹಿಂದಿನ ಸಾಲಿನಲ್ಲಿ ಕೂತು ಕೆಮ್ಮುವ ಒಬ್ಬ ಮುದುಕಿ, ಅಷ್ಟೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನಾನು ಮಾಡಿದ ಕಿತಾಪತಿಯೆಲ್ಲ ಇದಕ್ಕಾಗಿಯೇ.

ಆ ವರ್ಷ ಕೊಳ್ಳೇಗಾಲದ ಕಡೆಯಿಂದ ಒಂದು ಸಂಸಾರ ನಮ್ಮೂರಿಗೆ ಬಂತು. ಗಂಡನಿಗೆ ಹೊಸೂರಿನ ಫ್ಯಾಕ್ಟರಿಯಲ್ಲಿ ಕೆಲಸ. ಅಲ್ಲಿ ಬಾಡಿಗೆ ಹೆಚ್ಚೆಂದು ನಮ್ಮಲ್ಲಿ ಮನೆ ಹಿಡಿದಿದ್ದರು. ಅವನು ಶಿಫ್ಟು ಶಿಫ್ಟು ಎಂದು ಓಡಾಡುತ್ತಿದ್ದ. ಹೆಂಡತಿ ಇಪ್ಪತ್ತೆರಡು ಇಪ್ಪತ್ತಮೂರರ ಹುಡುಗಿ, ಭಾನುವಾರ ಬಂದು ಚಪ್ಪಲಿ ಬಿಡುವ ಜಾಗದ ಪಕ್ಕದಲ್ಲೇ ಕೂತು ಎದ್ದು ಹೋಗುತ್ತಿದ್ದಳು. ನಾನು ಅವಳನ್ನು ಸರಿಯಾಗಿ ನೋಡಿದ್ದೇ ಯೇಸುಸ್ವಾಮಿ ಎದ್ದುಬಂದ ಪಾಸ್ಕ ಹಬ್ಬಕ್ಕೆ ಮುಂಚಿನ ನಲವತ್ತು ದಿನದ ತಪಸ್ಸುಕಾಲದಲ್ಲಿ, ಮೊದಲನೆಯ ಶನಿವಾರ. ಪೊರಕೆ ತೆಗೆದುಕೊಳ್ಳಲು ಚರ್ಚಿನ ಹಿಂದಕ್ಕೆ ಹೋದರೆ ಪೊರಕೆ ಇಲ್ಲ. ಮುಂದೆ ಬಂದು ನೋಡಿದರೆ ಅದು ಅವಳ ಕೈಯಲ್ಲಿ, ಅರ್ಧ ಅಂಗಳ ಆಗಲೇ ಗುಡಿಸಿಯಾಗಿದೆ.

"ಯಾರು ಹೇಳಿದ್ರಮ್ಮಿ ನಿಂಗೆ?" ಅಂದೆ.

"ಯಾರೂ ಹೇಳ್ನಿಲ್ಲ ಅಜ್ಜಿ. ಸುಮ್ಕೆ ಕೂತಿದ್ದೆ, ಬಂದೆ."

"ಸುಮ್ಕೆ ಕೂತಿದ್ರೆ ನಿಮ್ಮನೆ ಅಂಗ್ಳ ಗುಡ್ಸ್ಕೋ."

"ನಮ್ಮನೆಗೆ ಅಂಗ್ಳ ಇಲ್ವಲ್ಲ ಅಜ್ಜಿ. ಬಾಗ್ಲು ತೆಗುದ್ರೆ ಮೋರಿ."

ಪೊರಕೆ ಕಿತ್ತುಕೊಂಡು ಅವಳು ಗುಡಿಸಿದ ಅರ್ಧವನ್ನೂ ಇನ್ನೊಂದು ಸಲ ಗುಡಿಸಿದೆ. ಅವಳು ನೋಡುತ್ತ ನಿಂತಿದ್ದಳು.

ಮುಂದಿನ ಶನಿವಾರ ಕೋಳಿ ಕೂಗುವಾಗಲೇ ಹೋದೆ. ಅವಳು ಮುಗಿಸಿ ಹೋಗಿಯಾಗಿತ್ತು. ಗಂಡನನ್ನು ಮೊದಲ ಶಿಫ್ಟಿಗೆ ಕಳಿಸಿ ಹಾಗೇ ಬಂದಿದ್ದಳಂತೆ. ಅವತ್ತು ನಾನು ಪೊರಕೆಯನ್ನು ಮನೆಗೆ ತಂದು ಮಂಚದ ಕೆಳಗೆ ಇಟ್ಟುಕೊಂಡೆ. ಮೂರನೆಯ ಶನಿವಾರ ಅವಳು ಬೇರಿಕೆ ಸಂತೆಯಲ್ಲಿ ಕೊಂಡ ಹೊಸ ಪೊರಕೆ ಹಿಡಿದು ಬಂದಳು. ಆಗ ನನ್ನ ಬಾಯಿ ಸುಮ್ಮನಿರಲಿಲ್ಲ. ಹೂವಿನ ಕುಂಡ ತೊಳೆಯುತ್ತಿದ್ದ ನಾಲ್ಕು ಜನ ಹೆಂಗಸರ ಎದುರಿಗೇ ಹೇಳಿದೆ, "ಮರದ ಬುಡ್ದಲ್ಲಿ ಹಂಗೇ ಉಳ್ಕೊಂಡದೆ. ನಿಮ್ಮೂರಲ್ಲಿ ಇದ್ಕೇ ಗುಡ್ಸೋದು ಅಂತಾರಾ?"

ಹುಡುಗಿ ಪೊರಕೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋದಳು. ಆಮೇಲೆ ಬರಲಿಲ್ಲ. ನಾನು ಗೆದ್ದೆ. ಅವತ್ತು ಎರಡು ಮುದ್ದೆ ಉಂಡೆ.

ಈಗ ಆ ಗುರುವಾರದ ವಿಷಯ. ಪಾಸ್ಕ ಹಬ್ಬಕ್ಕೆ ಮುಂಚಿನ ಗುರುವಾರ ಸಂಜೆ ಫಾದರ್ ಹನ್ನೆರಡು ಜನರ ಕಾಲು ತೊಳೆಯುತ್ತಾರೆ. ಯೇಸುಸ್ವಾಮಿ ಕಡೆಯ ಊಟದ ದಿನ ಸೊಂಟಕ್ಕೆ ಬಟ್ಟೆ ಕಟ್ಟಿಕೊಂಡು ಶಿಷ್ಯರ ಕಾಲು ತೊಳೆದರಲ್ಲ, ಅದರ ನೆನಪಿಗೆ. ದೊಡ್ಡವನು ತಗ್ಗಬೇಕು ಎಂಬುದು ಅದರ ಅರ್ಥ. ನಮ್ಮೂರಲ್ಲಿ ನಡೆಯುತ್ತಿದ್ದದ್ದು ಬೇರೆ. ಬೆಂಚಿನ ಮೇಲೆ ಕೂರುವ ಹನ್ನೆರಡೂ ಜನ ದೊಡ್ಡ ಮನೆಯ ಗಂಡಸರು. ಬೆಳಿಗ್ಗೆಯೇ ಸೋಪು ಹಾಕಿ ಕಾಲು ತಿಕ್ಕಿ, ಉಗುರು ಕತ್ತರಿಸಿ, ಹೊಸ ಪಂಚೆ ಉಟ್ಟು ಬರುತ್ತಿದ್ದರು. ಒಬ್ಬರು ಪಾದಕ್ಕೆ ಪೌಡರ್ ಹಾಕಿಕೊಂಡು ಬಂದದ್ದನ್ನು ನಾನೇ ಕಂಡಿದ್ದೇನೆ. ಫಾದರ್ ಮೂರು ಹನಿ ನೀರು ಬಿಟ್ಟು ಟವೆಲ್ಲಿನಿಂದ ಒತ್ತಿ ಮುಂದಿನ ಕಾಲಿಗೆ ಹೋಗುತ್ತಿದ್ದರು. ಆ ಟವೆಲ್ಲು ಒಗೆಯುವವಳು ನಾನು. ಒಗೆಯಲು ಅದರಲ್ಲಿ ಏನೂ ಇರುತ್ತಿರಲಿಲ್ಲ.

ಆಗ ಇದ್ದ ಫಾದರ್ ಚಿಕ್ಕ ವಯಸ್ಸಿನವರು. ತಮಿಳುನಾಡಿನ ಕಡಲ ಕಡೆಯವರು, ಮೀನುಗಾರರ ಮನೆಯ ಮಗ. ಕನ್ನಡವನ್ನು ನಮ್ಮ ಬಾಯಿಂದಲೇ ಕಲಿತದ್ದು. ಆ ಗುರುವಾರಕ್ಕೆ ಮುಂಚಿನ ಗರಿಗಳ ಭಾನುವಾರ, ಎಲ್ಲರೂ ಗರಿ ಹಿಡಿದು ಬರುವ ದಿನ, ಪೂಜೆ ಮುಗಿದ ಮೇಲೆ ನಿಂತು ಹೇಳಿದರು, "ಈ ಸಲ ಹನ್ನೆರಡು ಪೇರು ನಾನೇ ಹೇಳ್ತೀನಿ. ಯಾರ ಕೆಲಸ ಯಾರಿಗೂ ಕಾಣೋದಿಲ್ಲವೋ ಅವರು."

ಹೇಳುತ್ತ ಹೋದರು. ಹೆಣ ಹೂಳಲು ಗುಂಡಿ ತೋಡುವವನು, ಗಂಟೆ ಹೊಡೆಯುವವನು, ಶಾಲೆಯಲ್ಲಿ ಮಕ್ಕಳಿಗೆ ಅಡುಗೆ ಮಾಡುವವಳು, ಹೀಗೆ. ಹನ್ನೆರಡನೆಯದು ನಾನು.

ನನ್ನ ಮೈದುನ ಆಗ ಚರ್ಚಿನ ಉಪದೇಶಿ. ಫಾದರ್ ಇಲ್ಲದಾಗ ಜಪ ಹೇಳಿಸುವವನು, ಎಲ್ಲದಕ್ಕೂ ಲಿಸ್ಟು ಬರೆಯುವವನು. ಹೊಸದಾಗಿ ಸೆಲ್ಲು ಕೊಂಡು ಕೊರಳಿಗೆ ದಾರದಲ್ಲಿ ನೇತುಹಾಕಿಕೊಂಡಿದ್ದ. ಅವನಿಗೆ ಇದು ಹಿಡಿಸಲಿಲ್ಲ.

"ಸಾಮಿ, ಹೆಂಗಸ್ರ ಕಾಲಾ?" ಅಂದ.

"ಯಾಕೆ, ಹೆಂಗಸರಿಗೆ ಕಾಲು ಇಲ್ಲವಾ?"

"ಅದಲ್ಲ ಸಾಮಿ. ಶಿಷ್ಯರೆಲ್ಲ ಗಂಡಸ್ರೇ ಅಲ್ವರಾ?"

"ಶಿಷ್ಯರು ಸುಮಾರು ಜನ ಮೀನು ಹಿಡಿಯೋರು. ನಿಮ್ಮೂರಲ್ಲಿ ಯಾರು ಮೀನು ಹಿಡೀತಾರೆ, ಹೇಳಿ, ಅವರನ್ನೇ ಕೂರಿಸ್ತೀನಿ."

ಮೈದುನ ನನ್ನ ಕಡೆ ತಿರುಗಿದ. "ಅತ್ಗೆ, ನಿನ್ ಕಾಲ ನೀನು ನೋಡ್ಕೊಂಡಿದೀಯಾ? ಜವಳಗಿರಿ ಕಾಡಿನ ಆನೆ ಕಾಲು ಇದ್ದಂಗೆ ಅವೆ. ಸಾಮಿ ಕೈ ತರ್ಚೋಗ್ತದೆ."

"ನಿಂಗೆ ಸಿಗ್ಲಿಲ್ಲ ಅಂತ ಹೊಟ್ಟೆ ಉರಿ ಕಣ್ಲಾ," ಅಂದೆ.

ಹಾಗಂದೆನೇ ಹೊರತು ಮನೆಗೆ ಬಂದು ನೋಡಿಕೊಂಡೆ. ಅವನು ಹೇಳಿದ್ದು ಸುಳ್ಳಲ್ಲ. ಹಿಮ್ಮಡಿಯಲ್ಲಿ ಬಿರುಕು, ಬಿರುಕಿನಲ್ಲಿ ಹೊಲದ ಮಣ್ಣು. ನಲವತ್ತು ವರ್ಷ ಟೊಮೇಟೊ ಬಿಡಿಸಿ, ರಾಗಿ ಕಳೆ ಕಿತ್ತು, ಸಗಣಿ ತುಳಿದ ಕಾಲು. ಊರೆಲ್ಲ ನೋಡುವಾಗ ಇದನ್ನು ಚಾಚುವುದು ಹೇಗೆ ಅನ್ನಿಸಿತು. ಸೋಮವಾರ ಹಂಡೆಯಲ್ಲಿ ನೀರು ಕಾಯಿಸಿ, ಸೀಗೆಪುಡಿ ಕಲಸಿ, ಕಾಲು ನೆನೆಹಾಕಿ ಕೂತೆ. ಹೆಂಚಿನ ಚೂರು ತೆಗೆದುಕೊಂಡು ಉಜ್ಜಿದೆ. ಮಂಗಳವಾರ ಮತ್ತೆ ಉಜ್ಜಿದೆ. ಹಿಮ್ಮಡಿಯಲ್ಲಿ ರಕ್ತ ಬಂತು. ಅದಕ್ಕೆ ಹರಳೆಣ್ಣೆ ಹಚ್ಚಿದೆ.

"ಅಜ್ಜಿ, ನಿಂಗೇನು ಮದ್ವೇನಾ?" ಅಂದಳು ಮೊಮ್ಮಗಳು.

ಎಣ್ಣೆ ಹಚ್ಚಿದ ಕಾಲನ್ನು ನೆಲಕ್ಕೆ ಊರಿದರೆ ಮತ್ತೆ ಮಣ್ಣು ಹಿಡಿಯುತ್ತದಲ್ಲ. ಎರಡೂ ಪಾದಕ್ಕೆ ಪ್ಲಾಸ್ಟಿಕ್ ಕವರು ಕಟ್ಟಿಕೊಂಡು ಮಂಚದ ಮೇಲೆ ಕೂತೆ. ಬುಧವಾರ ಪೂರ್ತಿ ಹಾಗೇ. ಮೊಮ್ಮಗಳು ಸ್ಕೂಲು ರಜಾ ಎಂದು ಮನೆಯಲ್ಲಿದ್ದಳು, ಹಾಲು ಕರೆದಳು, ಸಗಣಿ ಎತ್ತಿ ಹಾಕಿದಳು, ಮುದ್ದೆಯನ್ನು ಮಂಚಕ್ಕೇ ತಂದುಕೊಟ್ಟಳು. ಪಕ್ಕದ ಮನೆಯವಳು ಇಣುಕಿ "ಹಾವೇನಾದ್ರೂ ಕಚ್ತಾ ಅಕ್ಕ?" ಎಂದು ಕೇಳಿ ಹೋದಳು. ಬುಧವಾರ ಅಂಗಳ ಸಾರಿಸುವ ದಿನ ಎಂಬುದು ನನಗೆ ನೆನಪಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ನೆನಪಿತ್ತು. ಇವತ್ತು ಯಾರಾದರೂ ಮಾಡಲಿ, ನಾನು ಹನ್ನೆರಡರಲ್ಲಿ ಒಬ್ಬಳು ಅಂದುಕೊಂಡೆ.

ಗುರುವಾರ ಮಧ್ಯಾಹ್ನ ಮೂರು ಗಂಟೆಗೆ ಮೈದುನ ಓಡಿಬಂದ.

"ಅತ್ಗೆ, ಅಂಗ್ಳ ಯಾಕೆ ಹಂಗೇ ಬಿದ್ದದೆ? ಹೊಂಗೆ ಹೂವು ಗೇಣುದ್ದ ನಿಂತದೆ. ಭಾನ್ವಾರದ ಗರಿ ಚೂರೂ ಅಲ್ಲೇ ಅವೆ. ಇರ್ವೆ ಸಾಲುಗಟ್ಟದೆ. ಆರು ಗಂಟೆಗೆ ಪೂಜೆ."

"ಬೇರೆ ಯಾರ್ಗಾದ್ರೂ ಹೇಳು. ನಾನಿವತ್ತು ಕಾಲು ತೊಳಿಸ್ಕೊಳ್ಳೋಳು."

"ಯಾರ್ಗೆ ಹೇಳ್ಲಿ? ಒಬ್ರಿಗಾದ್ರೂ ಕೈ ಹಾಕೋಕೆ ಬಿಟ್ಟಿದ್ರೆ ತಾನೆ ನೀನು? ಆ ಕೊಳ್ಳೇಗಾಲದ ಹುಡ್ಗೀನೂ ಬಯ್ದು ಓಡ್ಸ್ಬುಟ್ಟೆ. ಪರ್ಕೆ ಎಲ್ಲದೆ ಅಂತಾನೂ ಯಾರ್ಗೂ ಗೊತ್ತಿಲ್ಲ."

ಪೊರಕೆ ನಾನು ಕೂತ ಮಂಚದ ಕೆಳಗೇ ಇತ್ತು.

ಅವನು ಕಾಲು ನೋಡಿದ, ಕವರು ನೋಡಿದ. ನಗಲಿಲ್ಲ. ನಕ್ಕಿದ್ದರೆ ನಾನೂ ಬಯ್ದು ಕಳಿಸಿಬಿಡುತ್ತಿದ್ದೆ. "ಸರಿ ಬುಡು," ಎಂದು ಹೋದ. ಇಷ್ಟು ವರ್ಷ ಪೊರಕೆ ಹಿಡಿದವಳು, ನಾನು ತಗ್ಗಿದವಳು ಅಂದುಕೊಂಡಿದ್ದೆ. ತಗ್ಗಿನಲ್ಲೇ ಒಂದು ಗದ್ದುಗೆ ಹಾಕಿಕೊಂಡು ಕೂತಿದ್ದೆ, ಪಕ್ಕಕ್ಕೆ ಯಾರೂ ಬರದ ಹಾಗೆ. ಈಗ ಅದಕ್ಕಿಂತ ಎತ್ತರದ ಬೆಂಚು ಸಿಕ್ಕಿತೆಂದು ಗದ್ದುಗೆಯನ್ನೂ ಬಿಟ್ಟು ಎದ್ದುಬಿಟ್ಟಿದ್ದೆ. ಹಾಗನ್ನಿಸಿದಾಗ ಅಳು ಬರಲಿಲ್ಲ, ಸಿಟ್ಟು ಬಂತು. ನನ್ನ ಮೇಲೋ ಮೈದುನನ ಮೇಲೋ ಗೊತ್ತಿಲ್ಲ. ಕವರು ಹರಿದುಹಾಕಿ, ಪೊರಕೆ ಎಳೆದುಕೊಂಡು, ಸಗಣಿ ಮಂಕರಿ ಹೊತ್ತು ನಡೆದೆ.

ಅಂಗಳ ನೋಡಿದ ಕೂಡಲೇ ಗೊತ್ತಾಯಿತು, ಒಬ್ಬಳಿಂದ ಆಗುವುದಲ್ಲ. ಹಿಮ್ಮಡಿ ಬೇರೆ ಉರಿಯುತ್ತಿತ್ತು. ಮೋರಿ ದಾಟಿ ಆ ಹುಡುಗಿಯ ಬಾಗಿಲಲ್ಲಿ ನಿಂತೆ. ಅವಳು ಅಕ್ಕಿ ಆರಿಸುತ್ತಿದ್ದಳು.

"ಬಾರಮ್ಮಿ. ಅಂಗ್ಳ ಹಂಗೇ ಅದೆ," ಅಂದೆ.

"ನಾನು ಗುಡ್ಸುದ್ರೆ ನಿಮ್ಗೆ ಸರಿಹೋಗಲ್ವಲ್ಲ ಅಜ್ಜಿ."

"ಸರಿಹೋಗಲ್ಲ. ಆದ್ರೂ ಬಾ."

ಅವಳು ಮೊರ ಕೆಳಗಿಟ್ಟಳು. ಪೊರಕೆ ತಂದಳು, ಎರಡು ಬಿಂದಿಗೆ ನೀರೂ ತಂದಳು. ಒಂದನ್ನು ಕುಡಿಯಲು ಬೇಕಾದೀತೆಂದು ಚರ್ಚಿನ ಮೆಟ್ಟಿಲ ಮೇಲೆ ಇಟ್ಟಳು. ಅವಳು ಗುಡಿಸುತ್ತ ಬಂದಳು, ನಾನು ಬಗ್ಗಡ ತುಳಿದು ಕಲಸಿದೆ. ಸೋಮವಾರದಿಂದ ಸಾಕಿದ ಕಾಲು ಕಣಕಾಲವರೆಗೂ ಸಗಣಿಯಲ್ಲಿ ಮುಳುಗಿತು. ಬಿರುಕಿಗೆ ಸಗಣಿ ಇಳಿದು ಚುರುಚುರು ಅಂದಾಗ, ಒಂದು ಮಾತು ಹೇಳಲೇ, ಹಾಯೆನಿಸಿತು. ನನ್ನ ಕಾಲು ನನಗೆ ವಾಪಸು ಬಂತು ಅನ್ನಿಸಿತು.

ಇಬ್ಬರೂ ಪೊರಕೆಯಲ್ಲಿ ಬಗ್ಗಡ ಎಳೆಯುತ್ತಿದ್ದಾಗ ಕೇಳಿದೆ, "ಅವತ್ತು ಯಾಕೆ ಬಂದೆ ನೀನು? ಹರ್ಕೆ ಏನಾರಾ ಹೊತ್ತಿದ್ಯಾ?"

"ಹರ್ಕೆನೂ ಇಲ್ಲ ಏನೂ ಇಲ್ಲ ಅಜ್ಜಿ. ಊರ್ಗೆ ಬಂದು ಮೂರ್ ತಿಂಗ್ಳು ಆಗಿತ್ತು. ಒಬ್ರೂ ಮಾತಾಡ್ಸ್ನಿಲ್ಲ. ಪರ್ಕೆ ಹಿಡ್ಕೊಂಡು ನಿಂತ್ಕಂಡ್ರೆ ಯಾರಾದ್ರೂ ಏನಾದ್ರೂ ಅಂದಾರು ಅಂದ್ಕಂಡೆ."

"ಅಂದ್ನಲ್ಲ ನಾನು."

"ಅಂದ್ರಿ," ಅಂದಳು. ಅವಳಿಗೆ ನಗು ತಡೆಯಲಾಗಲಿಲ್ಲ. ನನಗೂ ಬಂತು. ಇಬ್ಬರೂ ಪೊರಕೆ ಊರಿಕೊಂಡು ನಕ್ಕೆವು. ಮೈದುನ ಬಾಗಿಲಿಂದ ಇಣುಕಿ, "ನಗೋಕೆ ಟೈಮಿಲ್ಲ," ಎಂದು ಕೂಗಿ ಒಳಗೆ ಹೋದ.

ಮೂಲೆಯ ಕೊನೆಯ ತುಂಡು ಸಾರಿಸುವಾಗಲೇ ಗಂಟೆ ಹೊಡೆಯಿತು. ಜನ ಚಾಪೆ ತಂದು ಒಣಗಿದ ಕಡೆ ಹಾಸಿಕೊಂಡು ಕೂತರು. ಬೀದಿ ನಲ್ಲಿಯಲ್ಲಿ ಸಂಜೆ ಹೊತ್ತು ನೀರು ಬರುವುದಿಲ್ಲ, ಚರ್ಚಿನ ಕೊಳಗದಲ್ಲಿದ್ದ ನೀರೆಲ್ಲ ಬಗ್ಗಡಕ್ಕೆ ಹೋಗಿತ್ತು, ಕಾಲು ತೊಳೆದುಕೊಳ್ಳಲು ಉಳಿದಿರಲಿಲ್ಲ. ಸೀರೆ ಇಳಿಬಿಟ್ಟು ಹಾಗೇ ಹೋಗಿ ಬೆಂಚಿನ ತುದಿಯಲ್ಲಿ ಕೂತೆ. ಪಕ್ಕದಲ್ಲಿ ಗುಂಡಿ ತೋಡುವವನು. ಅವನು ಮಗನ ಬಿಳೀ ಸಾಕ್ಸು ಹಾಕಿಕೊಂಡು ಬಂದಿದ್ದ, ಸಾಕ್ಸು ಬಿಚ್ಚಿದರೆ ಕಾಲೆಲ್ಲ ಪೌಡರು ವಾಸನೆ. ಕಾಣದ ಕೆಲಸ ಮಾಡುವವರು ಎಂದು ಹುಡುಕಿ ಕೂರಿಸಿದ ಹನ್ನೊಂದು ಜನರೂ ಕಾಲನ್ನು ತಟ್ಟೆಯ ಹಾಗೆ ತೊಳೆದುಕೊಂಡು ಬಂದಿದ್ದರು. ನಾನೊಬ್ಬಳೇ ಅಲ್ಲ ಮೂರ್ಖಳು ಎಂದು ಸಮಾಧಾನವಾಯಿತು.

ಫಾದರ್ ಸೊಂಟಕ್ಕೆ ಟವೆಲ್ಲು ಕಟ್ಟಿಕೊಂಡು ಬಂದರು. ಮೂರು ಹನಿ, ಒಂದು ಒರೆಸು. ಮೂರು ಹನಿ, ಒಂದು ಒರೆಸು. ನನ್ನ ಮುಂದೆ ಮಂಡಿಯೂರಿದಾಗ ನಾನು ಸೀರೆ ಎತ್ತಿದೆ.

ಅವರು ನೋಡುತ್ತ ಇದ್ದುಬಿಟ್ಟರು. ಹಸಿರು ಕಾಲು. ನೀರು ಬಿಟ್ಟರು, ಹಸಿರು ನೀರು ಬೋಗುಣಿಗೆ ಇಳಿಯಿತು. ಇನ್ನಷ್ಟು ಬಿಟ್ಟರು, ಇನ್ನಷ್ಟು ಹಸಿರು ಇಳಿಯಿತು, ಕಾಲು ಇದ್ದ ಹಾಗೇ ಇತ್ತು. ಹೂಜಿ ಖಾಲಿಯಾಯಿತು. "ತಣ್ಣಿ, ನೀರು," ಎಂದು ಫಾದರ್ ಪಕ್ಕಕ್ಕೆ ಕೈ ಚಾಚಿದರು. ಮೈದುನ ಒಳಗೆ ಓಡಿದ, ಹೊರಗೆ ಓಡಿದ, ನೀರು ಎಲ್ಲಿಯೂ ಇಲ್ಲ. ಆಗ ಚಪ್ಪಲಿಯ ಕಡೆಯಿಂದ ಆ ಹುಡುಗಿ ಎದ್ದು, ಮೆಟ್ಟಿಲ ಮೇಲಿದ್ದ ತನ್ನ ಬಿಂದಿಗೆ ಎತ್ತಿಕೊಂಡು ಎಲ್ಲರ ನಡುವೆ ನಡೆದು ಬಂದಳು. ತಾನೇ ಬಗ್ಗಿ ನೀರು ಹುಯ್ದಳು.

ಫಾದರ್ ಅಂಗಿಯ ತೋಳು ಮೇಲಕ್ಕೆ ಮಡಚಿಕೊಂಡರು. ಹೆಬ್ಬೆರಳಿನಿಂದ ಒಂದೊಂದು ಬಿರುಕನ್ನೂ ತಿಕ್ಕತೊಡಗಿದರು.

"ಮೆಲ್ಗೆ ಸಾಮಿ, ಉರೀತದೆ," ಅಂದೆ. ಮೆಲ್ಲಗೆ ಹೇಳಿದೆ ಅಂದುಕೊಂಡಿದ್ದೆ, ಅಂಗಳಕ್ಕೆಲ್ಲ ಕೇಳಿಸಿತು. ಜನ ನಕ್ಕರು.

"ಪಾಟಿ, ಅಜ್ಜಿ, ಸುಮ್ಮನೆ ಇರಿ," ಅಂದರು ಫಾದರ್. "ಇವತ್ತೇ ನನಗೆ ಕೆಲಸ ಸಿಕ್ಕಿರೋದು."

ಟವೆಲ್ಲು ಹಸಿರಾಯಿತು. ಅವರು ಏಳಲು ಹೊರಟರು. ಅಷ್ಟರಲ್ಲಿ ನನ್ನ ಕಣ್ಣು ಬಿಂದಿಗೆ ಹಿಡಿದು ನಿಂತವಳ ಕಾಲಿನ ಮೇಲೆ ಬಿತ್ತು. ಅವೂ ಅಷ್ಟೇ ಹಸಿರು, ಅದೇ ಅಂಗಳದ್ದು. ಒಂದು ಕಾಲು ತೊಳೆದು ಇನ್ನೊಂದನ್ನು ಬಿಟ್ಟ ಹಾಗೆ ಕಂಡಿತು ನನಗೆ.

"ಸಾಮಿ, ಇನ್ನೊಂದು ಜೊತೆ ಅದೆ," ಅಂದೆ.

"ಹನ್ನೆರ್ಡೇ ಜನ ಅತ್ಗೆ," ಅಂದ ಮೈದುನ, ಲಿಸ್ಟು ಕೈಯಲ್ಲಿ.

"ಹನ್ನೆರ್ಡೇ ಇರ್ಲಿ." ನಾನು ಬೆಂಚಿನಿಂದ ಎದ್ದು ಅವಳ ತೋಳು ಹಿಡಿದು ಕೂರಿಸಿದೆ. ಅವಳು ಬೇಡ ಅಜ್ಜಿ ಬೇಡ ಅಜ್ಜಿ ಅನ್ನುತ್ತಿದ್ದಳು. ನಾನು ಬಿಂದಿಗೆ ಕಿತ್ತುಕೊಂಡೆ. ಫಾದರ್ ಮತ್ತೆ ಮಂಡಿಯೂರಿದರು. ನಾನು ನೀರು ಹುಯ್ದೆ, ಅವರು ತೊಳೆದರು. ಇಡೀ ಊರು ಅವಳ ಮುಖ ನೋಡಿತು. ಪೂಜೆ ಮುಗಿದ ಮೇಲೆ ಹೆಂಗಸರು ಒಬ್ಬೊಬ್ಬರೇ ಹೋಗಿ, ಯಾವ ಊರಮ್ಮ, ಅಪ್ಪ ಅಮ್ಮ ಅವ್ರಾ, ಮೋರಿ ಪಕ್ಕದ ಮನೇಲಿ ಸೊಳ್ಳೆ ಹೆಂಗೆ ತಡ್ಕೊಂಡಿದೀಯಾ ಎಂದು ಕೇಳಿದರು. ಮೂರು ತಿಂಗಳ ಮಾತು ಒಂದೇ ಸಂಜೆಗೆ ಆಯಿತು.

ದೇವರು ಸಾಮಾನ್ಯರನ್ನೇ ಕೆಲಸಕ್ಕೆ ಹಚ್ಚುತ್ತಾನೆ ಎಂದು ಫಾದರುಗಳ ಪ್ರಸಂಗದಲ್ಲಿ ಎಷ್ಟೋ ಸಲ ಕೇಳಿದ್ದೆ. ಕೇಳಿದಾಗೆಲ್ಲ ಅದು ನನ್ನ ವಿಷಯ ಎಂದು ಒಳಗೊಳಗೇ ಹಿಗ್ಗುತ್ತಿದ್ದೆ. ಅವನು ನನ್ನನ್ನು ಬಿಟ್ಟು ಪಕ್ಕದವಳನ್ನು ಹಚ್ಚಬಹುದು ಎಂದು ಒಂದು ದಿನವೂ ಹೊಳೆದಿರಲಿಲ್ಲ. ಅವತ್ತು ಅವನಿಗೆ ನನ್ನಿಂದ ಬೇಕಾದದ್ದು ಉಜ್ಜಿದ ಕಾಲಲ್ಲ, ನೀರು ತುಂಬಿದ ಬಿಂದಿಗೆಯೂ ಅಲ್ಲ. ಬೆಂಚಿನಿಂದ ಏಳುವುದು, ಅಷ್ಟೆ. ಅಷ್ಟು ಮಾಡಲು ನನಗೆ ನಾಲ್ಕು ದಿನ ಹಿಡಿಯಿತು.

ಶನಿವಾರ ಆ ಟವೆಲ್ಲು ಒಗೆದೆ. ಮೊದಲ ಸಲ ಒಗೆಯಲು ಅದರಲ್ಲಿ ಏನೋ ಇತ್ತು. ಎರಡು ಸಲ ಸೋಪು ಹಾಕಿ, ನೀಲಿ ಹಾಕಿದರೂ ಅಂಚಿನಲ್ಲಿ ಹಸಿರು ಉಳಿಯಿತು. ಫಾದರ್ ವರ್ಗವಾಗಿ ಹೋಗುವವರೆಗೂ ಪ್ರತಿ ವರ್ಷ ಅದನ್ನೇ ಕಟ್ಟಿಕೊಂಡರು. ಬೇರೆಯದು ಕೊಟ್ಟರೆ ತೆಗೆದುಕೊಳ್ಳುತ್ತಿರಲಿಲ್ಲ.

ಅದೇ ಶನಿವಾರ ಅಂಗಳವನ್ನು ಪಾಲು ಮಾಡಿದೆ. ಪೂರ್ತಿ ಬಿಟ್ಟುಕೊಡುವಷ್ಟು ಒಳ್ಳೆಯವಳು ನಾನಲ್ಲ. ಹೊಂಗೆ ಮರದಿಂದ ಗೇಟಿನ ಕಡೆ ಅವಳದು, ಚರ್ಚಿನ ಕಡೆ ನನ್ನದು, ಮರದ ಬುಡ ಇಬ್ಬರದು. ಪೊರಕೆ ಮಂಚದ ಕೆಳಗಿನಿಂದ ಚರ್ಚಿನ ಹಿಂದಕ್ಕೆ ವಾಪಸು ಹೋಯಿತು.

ನಾಲ್ಕು ವರ್ಷ ಹಾಗೇ ನಡೆಯಿತು. ಆಮೇಲೆ ನನಗೂ ಸೊಂಟ ಹಿಡಿಯಿತು, ಅತ್ತೆಗೆ ಹಿಡಿದ ಹಾಗೆ. ಪೊರಕೆ ಎಸೆಯುವ ಕೆಲಸ ಇರಲಿಲ್ಲ, ಅವಳ ಕೈಯಲ್ಲಿ ಆಗಲೇ ಇತ್ತು. ಅವಳ ಗಂಡ ಮೋರಿಯ ಪಕ್ಕದ ಮನೆ ಬಿಟ್ಟು ನಮ್ಮ ಬೀದಿಯಲ್ಲೇ ಬೇರೆ ಮನೆ ಹಿಡಿದಿದ್ದಾನೆ, ಅದಕ್ಕೂ ಅಂಗಳ ಇಲ್ಲ. ಶನಿವಾರ ನಾನು ಹೋಗಿ ಹೊಂಗೆ ಮರದ ಕೆಳಗೆ ಬೆಂಚಿನ ಮೇಲೆ ಕೂರುತ್ತೇನೆ.

"ಬುಡ್ದಲ್ಲಿ ಉಳ್ಕೊಂಡದೆ ನೋಡು," ಅನ್ನುತ್ತೇನೆ.

"ತಕಳಿ, ನೀವೇ ಗುಡ್ಸಿ," ಎಂದು ಪೊರಕೆ ಚಾಚುತ್ತಾಳೆ.

ನಾನು ಕಾಲು ಎತ್ತಿ ಬೆಂಚಿನ ಮೇಲೆ ಇಟ್ಟುಕೊಳ್ಳುತ್ತೇನೆ. ಅವಳು ಅಡಿಯಲ್ಲೂ ಗುಡಿಸಿಕೊಂಡು ಹೋಗುತ್ತಾಳೆ.